ಬಿಎಸ್ಸಿ ಆದಮೇಲೆ ಹವಾಗುಣ ವಿಜ್ಞಾನವೋ, ಪರಿಸರ ನೀತಿಯೋ? ಯಾವುದಕ್ಕೆ ಏನು ಓದಬೇಕು?

ತುಂಗಾತೀರ ಕೇಳಿದ್ದು:

ಭೌತಶಾಸ್ತ್ರ, ಗಣಿತ, ಗಣಕವಿಜ್ಞಾನ ತಗೊಂಡು ಬಿಎಸ್ಸಿ ಕೊನೇ ವರ್ಷ. ಊರು ಶಿವಮೊಗ್ಗ ಕಡೆ. ಕ್ಲೈಮೇಟ್ ಕ್ಷೇತ್ರದಲ್ಲೇ ಕೆಲಸ ಮಾಡಬೇಕು ಅನ್ನೋದು ಖಚಿತ, ಅದರೊಳಗೆ ಎಲ್ಲಿಗೆ ಅನ್ನೋದು ಖಚಿತವಿಲ್ಲ. ಒಬ್ಬರು ಎನ್ವಿರಾನ್‌ಮೆಂಟಲ್ ಸೈನ್ಸ್ ಎಂಎಸ್ಸಿ ಮಾಡು ಅಂತಾರೆ. ಇನ್ನೊಬ್ಬರು ಅದೆಲ್ಲ ಬೇಡ, ಮೂರು ತಿಂಗಳ ಇಎಸ್‌ಜಿ (ಕಂಪನಿಗಳ ಪರಿಸರ, ಸಾಮಾಜಿಕ, ಆಡಳಿತ ಹೊಣೆ) ಸರ್ಟಿಫಿಕೇಟ್ ಮಾಡ್ಕೊಂಡ್ರೆ ಬೆಂಗಳೂರಲ್ಲಿ ಕೆಲಸ ಸಿಗುತ್ತೆ ಅಂತಾರೆ. ನನ್ನ ಪ್ರಶ್ನೆಗಳು ಇವು: ಸಂಶೋಧನೆಗೆ ಹೋಗೋದಾದರೆ ಯಾವ ಪರೀಕ್ಷೆ, ಎಲ್ಲಿ? ನೀತಿಯ ಕೆಲಸಕ್ಕೆ ಕಾನೂನು ಓದಲೇಬೇಕಾ? ಐಪಿಸಿಸಿ (ಹವಾಗುಣ ಬದಲಾವಣೆಯ ವರದಿ ತರುವ ಅಂತರಸರ್ಕಾರಿ ಸಮಿತಿ), ವಿಶ್ವಸಂಸ್ಥೆ ಥರದ ಕಡೆ ಸೇರೋದು ಹೇಗೆ? ಪರೀಕ್ಷೆಗಳ ನಡುವೆ ದಿನಕ್ಕೆ ಒಂದು ಗಂಟೆ ಬಿಡುವಿದೆ, ಅದರಲ್ಲಿ ಏನು ಕಲಿತರೆ ಲಾಭ?

ಮೋಡಬಿತ್ತನೆ ಉತ್ತರಿಸಿದ್ದು:

ಮೊದಲು ಹೆಸರುಗಳ ಗೋಜಲು ಬಿಡಿಸಿಕೊಳ್ಳಿ. ನಮ್ಮ ವಿಶ್ವವಿದ್ಯಾಲಯಗಳ ಎನ್ವಿರಾನ್‌ಮೆಂಟಲ್ ಸೈನ್ಸ್ ಎಂಎಸ್ಸಿಯಲ್ಲಿ ಹೆಚ್ಚಾಗಿ ಕಲಿಸೋದು ನೀರಿನ ಗುಣಮಟ್ಟ, ಘನತ್ಯಾಜ್ಯ, ಜೀವಿಪರಿಸರ, ಒಂದಿಷ್ಟು ಕಾನೂನು. ಒಳ್ಳೆಯ ಓದೇ, ಆದರೆ ಅದು ಹವಾಗುಣ ವಿಜ್ಞಾನ ಅಲ್ಲ. ಹವಾಗುಣ ವಿಜ್ಞಾನ ಅಂದರೆ ತಿರುಗುತ್ತಿರುವ ಗೋಳದ ಮೇಲೆ ಹರಿಯುವ ಗಾಳಿ ಮತ್ತು ನೀರಿನ ಭೌತಶಾಸ್ತ್ರ: ದ್ರವಚಲನೆ, ಉಷ್ಣಗತಿಶಾಸ್ತ್ರ, ವಿಕಿರಣ, ಅವಕಲ ಸಮೀಕರಣ, ಸಂಖ್ಯಾವಿಧಾನ. ನಿಮ್ಮ ಕೈಯಲ್ಲಿರೋ ಭೌತಶಾಸ್ತ್ರ, ಗಣಿತವೇ ಬಂಡವಾಳ. ಭೌತಶಾಸ್ತ್ರದಿಂದ ಆಮೇಲೆ ನೀತಿಯ ಕಡೆ ಬಂದವರು ಬೇಕಾದಷ್ಟು ಜನ ಇದ್ದಾರೆ. ಗಣಿತ ಬಿಟ್ಟು ಐದು ವರ್ಷ ಆದಮೇಲೆ ಮಾಡೆಲಿಂಗ್‌ಗೆ ಬಂದವರು ಕಡಿಮೆ. ಹಾಗಾಗಿ ಈಗಲೇ ಬಾಗಿಲು ಮುಚ್ಚಿಕೊಳ್ಳಬೇಡಿ.

(ಪತ್ರಿಕೆಗಳಲ್ಲಿ ಹವಾಮಾನ, ಹವಾಗುಣ ಎರಡೂ ಒಂದೇ ಆಗಿಬಿಟ್ಟಿವೆ. ಸಂದರ್ಶನದಲ್ಲಿ ಆ ಬೆರಕೆ ನಡೆಯಲ್ಲ. ನಾಳೆ ಮಳೆ ಬರುತ್ತಾ ಅನ್ನೋದು ಹವಾಮಾನ, ಮೂವತ್ತು ವರ್ಷದ ಜೂನ್ ತಿಂಗಳು ಹೇಗಿತ್ತು ಅನ್ನೋದು ಹವಾಗುಣ.)

ದಾರಿಗಳು: ಕೊಚ್ಚಿಯ ಕುಸಾಟ್ (ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ), ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ, ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯ, ಈ ಮೂರರಲ್ಲೂ ವಾಯುಮಂಡಲ ವಿಜ್ಞಾನದ ಹಳೆಯ ವಿಭಾಗಗಳಿವೆ. ಅಲ್ಲಿಗೆ ಹೋಗದಿದ್ದರೂ ನಷ್ಟವಿಲ್ಲ. ಜಾಮ್ (ಐಐಟಿ ಮುಂತಾದ ಕಡೆ ಎಂಎಸ್ಸಿ ಸೇರುವ ಪ್ರವೇಶ ಪರೀಕ್ಷೆ) ಬರೆದು ಭೌತಶಾಸ್ತ್ರದಲ್ಲೇ ಎಂಎಸ್ಸಿ ಮಾಡಿ, ಪಿಎಚ್‌ಡಿಗೆ ಈ ಕಡೆ ತಿರುಗೋದು ತೀರಾ ಸಾಮಾನ್ಯ. ಬೆಂಗಳೂರಿನ ಐಐಎಸ್‌ಸಿಯಲ್ಲಿ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರ ಇದೆ, ಹವಾಗುಣ ಬದಲಾವಣೆಯ ದಿವೇಚಾ ಕೇಂದ್ರ ಇದೆ. ಪುಣೆಯಲ್ಲಿ ಐಐಟಿಎಂ (ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ). ದೆಹಲಿ ಐಐಟಿಯ ವಾಯುಮಂಡಲ ವಿಜ್ಞಾನ ಕೇಂದ್ರ, ಖರಗಪುರ ಐಐಟಿಯಲ್ಲಿ ಕೋರಲ್ (ಸಾಗರ, ನದಿ, ವಾಯುಮಂಡಲ, ಭೂ ವಿಜ್ಞಾನ ಕೇಂದ್ರ).

ಪರೀಕ್ಷೆಗಳ ವಿಷಯದಲ್ಲಿ ಬಹಳ ಜನ ಎಡವೋದು ಗೇಟ್ (ಎಂಟೆಕ್, ಪಿಎಚ್‌ಡಿಗೆ ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ) ಪತ್ರಿಕೆ ಆರಿಸಿಕೊಳ್ಳುವಾಗ. ಎಕ್ಸ್‌ಇ (ಎಂಜಿನಿಯರಿಂಗ್ ಸೈನ್ಸಸ್) ಪತ್ರಿಕೆಯಲ್ಲಿ ಗಣಿತದ ‘ಎ’ ವಿಭಾಗ ಕಡ್ಡಾಯ, ಅದಕ್ಕೆ 15 ಅಂಕ. ಉಳಿದವುಗಳಲ್ಲಿ ಯಾವುದಾದರೂ ಎರಡು, ತಲಾ 35 ಅಂಕ. ‘ಎಚ್’ ವಿಭಾಗವೇ ವಾಯುಮಂಡಲ ಮತ್ತು ಸಾಗರ ವಿಜ್ಞಾನ. ಅದರ ಜೊತೆಗೆ ‘ಬಿ’, ಅಂದರೆ ದ್ರವಯಂತ್ರಶಾಸ್ತ್ರ ತಗೊಂಡರೆ ಓದು ಒಂದಕ್ಕೊಂದು ಕೂಡಿಕೊಳ್ಳುತ್ತೆ. ಪರಿಸರ ಎಂಬ ಹೆಸರು ನೋಡಿ ‘ಇಎಸ್’ ಪತ್ರಿಕೆಗೆ ಹೋದರೆ ಅದು ಪರಿಸರ ಎಂಜಿನಿಯರಿಂಗ್, ಬೇರೆಯೇ ಲೋಕ. ಮೂರನೇ ವರ್ಷದಲ್ಲೇ ಗೇಟ್ ಬರೆಯಬಹುದು, ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತೆ. ಆದರೆ ಎಂಟೆಕ್ ಸೇರೋಕೆ ಬರೀ ಬಿಎಸ್ಸಿ ಸಾಲದು, ಬಿಇ ಅಥವಾ ಎಂಎಸ್ಸಿ ಬೇಕು. ಅಂದರೆ ನಿಮಗೀಗ ಜಾಮ್ ಮುಖ್ಯ, ಗೇಟ್ ಅಭ್ಯಾಸಕ್ಕೆ.

ಸಂಶೋಧನಾ ಫೆಲೋಶಿಪ್‌ಗೆ ಬರೆಯುವ ಸಿಎಸ್‌ಐಆರ್ ನೆಟ್‌ನಲ್ಲಿ ಭೂಮಿ, ವಾಯುಮಂಡಲ, ಸಾಗರ, ಗ್ರಹ ವಿಜ್ಞಾನ ಅಂತ ಒಂದೇ ಪತ್ರಿಕೆ. ಅದರ ‘ಬಿ’ ಭಾಗದಲ್ಲಿ ಕಲ್ಲು, ಖನಿಜದ ಪ್ರಶ್ನೆಗಳೂ ಬರ್ತವೆ, ಭೌತಶಾಸ್ತ್ರದವರು ಜಾರೋದು ಅಲ್ಲೇ. ಭೌತಶಾಸ್ತ್ರದ ನೆಟ್ ಬರೆದರೂ ಎಷ್ಟೋ ಕಡೆ ನಡೆಯುತ್ತೆ, ಅರ್ಜಿ ಹಾಕುವ ಮೊದಲು ಆ ಸಂಸ್ಥೆಯ ಪ್ರಕಟಣೆ ಓದಿಕೊಳ್ಳಿ.

ದುಡ್ಡಿನ ಲೆಕ್ಕ: 2023ರ ಜನವರಿಯಿಂದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000, ಎಸ್‌ಆರ್‌ಎಫ್ (ಹಿರಿಯದು) 42,000, ಇದರ ಮೇಲೆ ಮನೆಬಾಡಿಗೆ ಭತ್ಯೆ. ಸರ್ಕಾರಿ ಸಂಸ್ಥೆಗಳ ಸೈಂಟಿಸ್ಟ್-ಬಿ ಹುದ್ದೆಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲವೇತನ 56,100ರಿಂದ ಶುರು. ಹವಾಮಾನ ಇಲಾಖೆಯ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆಯನ್ನು ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ತುಂಬುತ್ತೆ, ಭೌತಶಾಸ್ತ್ರ ಇರುವ ಬಿಎಸ್ಸಿ ಪ್ರಥಮ ದರ್ಜೆಯವರು ಹಾಕಬಹುದು. ಆದರೆ ಅಧಿಸೂಚನೆ ಪ್ರತಿವರ್ಷ ಬರಲ್ಲ, ಅದನ್ನೇ ನಂಬಿ ಕೂರಬೇಡಿ.

ಐಪಿಸಿಸಿ ಬಗ್ಗೆ ಚುಟುಕಾಗಿ: ಅದು ಕೆಲಸ ಕೊಡುವ ಜಾಗ ಅಲ್ಲ. ವರದಿ ಬರೆಯುವ ವಿಜ್ಞಾನಿಗಳಿಗೆ ಅದರಿಂದ ಸಂಬಳ ಬರಲ್ಲ. ಸರ್ಕಾರಗಳು, ವೀಕ್ಷಕ ಸಂಸ್ಥೆಗಳು ಹೆಸರು ಸೂಚಿಸುತ್ತವೆ, ಅವರವರ ಸಂಸ್ಥೆಯ ಕೆಲಸದ ಜೊತೆಗೇ ಇದನ್ನೂ ಮಾಡ್ತಾರೆ. ಜಿನೀವಾದಲ್ಲಿರೋದು ಸಣ್ಣ ಕಚೇರಿ. ಒಳಗೆ ಇಣುಕಬೇಕು ಅಂದರೆ ಪಿಎಚ್‌ಡಿ ಹೊತ್ತಿಗೆ ಕರಡು ಅಧ್ಯಾಯಗಳ ಪರಿಶೀಲಕರಾಗಿ ನೋಂದಾಯಿಸಿಕೊಳ್ಳಬಹುದು, ನಿಮ್ಮ ವಿಷಯದ ಪರಿಣತಿಯನ್ನು ನೀವೇ ಘೋಷಿಸಿಕೊಂಡರೆ ಸಾಕು.

ಇನ್ನು ದಿನದ ಒಂದು ಗಂಟೆ. ಕೋರ್ಸು ನೋಡ್ತಾ ಕೂರಬೇಡಿ, ಒಂದು ದತ್ತಾಂಶ ಹಿಡಿದು ಕೊನೆ ಮುಟ್ಟಿಸಿ. ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಈಚಿನ ದೈನಿಕ ಮಳೆಯನ್ನು ಕಾಲು ಡಿಗ್ರಿ ಚೌಕಗಳಲ್ಲಿ ಉಚಿತವಾಗಿ ಕೊಡುತ್ತೆ. ವರ್ಷಕ್ಕೊಂದು ಬೈನರಿ ಫೈಲು, ಪೂರ್ವ–ಪಶ್ಚಿಮವಾಗಿ 135 ಚೌಕ, ದಕ್ಷಿಣೋತ್ತರ 129. ಪ್ರತಿ ಸಂಖ್ಯೆಗೆ ನಾಲ್ಕು ಬೈಟ್, ಹಾಗಾಗಿ 365 ದಿನದ ಫೈಲು ಸರಿಯಾಗಿ 2,54,25,900 ಬೈಟ್ ಇರಬೇಕು. ಕಡಿಮೆ ಇದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಅಂತ ಅರ್ಥ. ತೀರ್ಥಹಳ್ಳಿ ಸುತ್ತಲಿನ ಒಂದು ಚೌಕ ತಗೊಳ್ಳಿ. 1991ರಿಂದ 2020ರವರೆಗೆ ಜೂನ್–ಸೆಪ್ಟೆಂಬರ್ ಮಳೆಯ ಮೊತ್ತ, ಸರಾಸರಿ, ಪ್ರವೃತ್ತಿ ತೆಗೆಯಿರಿ. ಪೈಥಾನ್, ಅದರ ಎಕ್ಸ್‌ಅರೇ ಲೈಬ್ರರಿ ಸಾಕು.

ಇದರಲ್ಲಿ ಕೆಡೋದು ಎಲ್ಲಿ ಅಂದರೆ:

ಇಲಾಖೆಯ ಮಳೆದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತೆ. ಜುಲೈ 10ರ ಲೆಕ್ಕದಲ್ಲಿರೋದು ಒಂಬತ್ತನೇ ತಾರೀಕು ಬೆಳಗ್ಗೆ ಎಂಟೂವರೆಯಿಂದ ಸುರಿದದ್ದು. ಯುರೋಪಿನ ಇಆರ್‌ಎ-5 ದತ್ತಾಂಶ (ಅಳತೆ, ಮಾದರಿ ಎರಡನ್ನೂ ಬೆರೆಸಿ ಮಾಡಿದ ಹಳೇ ಹವಾಮಾನದ ದಾಖಲೆ) ಗಂಟೆಗಂಟೆಯದು, ಅಂತರರಾಷ್ಟ್ರೀಯ ಸಮಯದಲ್ಲಿ, ಅದೂ ಮಳೆ ಮೀಟರ್‌ನಲ್ಲಿ. ಸಾವಿರದಿಂದ ಗುಣಿಸದೆ, ಸಮಯ ಹೊಂದಿಸದೆ ಎರಡನ್ನೂ ಹೋಲಿಸಿದರೆ ಸಂಬಂಧವೇ ಸಿಗಲ್ಲ. ಭವಿಷ್ಯದ ಹವಾಗುಣ ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗಳಲ್ಲಿ ಕೆಲವಕ್ಕೆ ಫೆಬ್ರವರಿ 29 ಇಲ್ಲ, ಬ್ರಿಟನ್ನಿನ ಮಾದರಿಗಳಲ್ಲಿ ಪ್ರತಿ ತಿಂಗಳಿಗೂ ಮೂವತ್ತೇ ದಿನ. ಮಾದರಿ ಬಳಸುವ ಕ್ಯಾಲೆಂಡರ್ ಯಾವುದು ಅಂತ ನೋಡದೆ ತಾರೀಕು ಜೋಡಿಸಿದರೆ ಎಲ್ಲ ಪಕ್ಕಕ್ಕೆ ಸರಿದುಹೋಗುತ್ತೆ. ಇನ್ನೊಂದು ಮಲೆನಾಡಿಗೇ ಸಂಬಂಧಿಸಿದ್ದು: ಕಾಲು ಡಿಗ್ರಿ ಅಂದರೆ ಸುಮಾರು 27 ಕಿಲೋಮೀಟರ್. ಘಟ್ಟದ ನೆತ್ತಿ, ಅದರ ಹಿಂದಿನ ಮಳೆನೆರಳು ಎರಡೂ ಒಂದೇ ಚೌಕದಲ್ಲಿ ಬೆರೆತುಬಿಡುತ್ತವೆ. ಆಗುಂಬೆಯ ಮಳೆಮಾಪಕದ ಸಂಖ್ಯೆ ಅಲ್ಲಿ ಸಿಗದಿದ್ದರೆ ಅದು ನಿಮ್ಮ ಕೋಡಿನ ತಪ್ಪಲ್ಲ.

ಪ್ರವೃತ್ತಿಗೆ ನೇರರೇಖೆ ಎಳೆದು ಬಿಡಬೇಡಿ. ಶುರುವಿನ ವರ್ಷ ಎರಡು ಹಿಂದೆಮುಂದೆ ಮಾಡಿ ನೋಡಿ, ಚಿಹ್ನೆಯೇ ಬದಲಾದರೆ ಪ್ರವೃತ್ತಿ ಇದೆ ಅಂತ ಬರೆಯಬೇಡಿ. ಪ್ರವೃತ್ತಿ ನಿಜವೋ ಅಂತ ನೋಡುವ ಮ್ಯಾನ್–ಕೆಂಡಲ್ ಪರೀಕ್ಷೆ, ಅದು ಎಷ್ಟು ಅಂತ ಅಳೆಯುವ ಸೆನ್ ಇಳಿಜಾರು ಕಲಿತುಕೊಳ್ಳಿ.

ಹೊಗೆಕೊಳವೆ ಉತ್ತರಿಸಿದ್ದು:

ಮೇಲಿನವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಹುದ್ದೆಗಳ ಸಂಖ್ಯೆ ನೋಡಿದರೆ ಪಿಎಚ್‌ಡಿ ದಾರಿ ಕಿರಿದು. ಬೆಂಗಳೂರಲ್ಲಿ ಹೆಚ್ಚು ಜನರಿಗೆ ಸಂಬಳ ಕೊಡ್ತಿರೋದು ಎರಡು ಕೆಲಸ: ಹೊಸ ಯೋಜನೆಗೆ ಅನುಮತಿ ಸಿಗುವ ಮೊದಲು ಮಾಡುವ ಪರಿಸರ ಪರಿಣಾಮ ಅಂದಾಜು, ಮತ್ತು ಕಂಪನಿಗಳ ಇಂಗಾಲದ ಲೆಕ್ಕ.

ಪರಿಣಾಮ ಅಂದಾಜಿಗೆ ಆಧಾರ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ವರದಿ ಬರೆಯುವ ಸಂಸ್ಥೆಗೆ ನಾಬೆಟ್ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಬೇಕು, ಒಳಗಿನ ಪರಿಣತರಿಗೂ ವಿಷಯವಾರು ಅನುಮೋದನೆ ಬೇಕು: ವಾಯು, ನೀರು, ಶಬ್ದ, ಜೀವಿವೈವಿಧ್ಯ, ಭೂಜಲ, ಸಾಮಾಜಿಕ–ಆರ್ಥಿಕ ಹೀಗೆ. ನಿಮ್ಮಂಥ ಭೌತಶಾಸ್ತ್ರದವರು ಹೊಂದೋದು ಹವಾಮಾನ ಮತ್ತು ವಾಯುಗುಣಮಟ್ಟ ಮಾಡೆಲಿಂಗ್‌ಗೆ. ಹೊಗೆ ಎಲ್ಲಿಗೆ ಹರಡುತ್ತೆ ಅಂತ ಲೆಕ್ಕ ಹಾಕುವ ಏರ್‌ಮಾಡ್ ತಂತ್ರಾಂಶ ಓಡಿಸೋದು ಒಂದು ವಾರದಲ್ಲಿ ಬರುತ್ತೆ. ಅದಕ್ಕೆ ಯಾವ ಗಾಳಿಯ ದತ್ತಾಂಶ ತಿನ್ನಿಸ್ತೀರಿ ಅನ್ನೋದರಲ್ಲಿ ವಿದ್ಯೆ ಇರೋದು. ಘಟಕ ಕಣಿವೆಯಲ್ಲಿದ್ದು, ಗಾಳಿಯ ಲೆಕ್ಕ ಅರವತ್ತು ಕಿಲೋಮೀಟರ್ ಆಚೆಯ ಬಯಲಿನ ಕೇಂದ್ರದ್ದಾದರೆ ಹೊಗೆ ಬೀಳೋ ಊರೇ ಬೇರೆಯಾಗುತ್ತೆ. ಸ್ಥಳದಲ್ಲಿ ಅಳೆದ ಗಾಳಿಯ ದಿಕ್ಕು, ಮಾದರಿಗೆ ಕೊಟ್ಟ ದಿಕ್ಕು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋದು ಮೊದಲ ಕೆಲಸ. ಮೂಲ ಸ್ಥಿತಿಯ ಅಳತೆ ಮಳೆಗಾಲ ಬಿಟ್ಟು ಒಂದು ಋತು ಪೂರ್ತಿ ಆಗಬೇಕು. ಫೆಬ್ರವರಿ ಕೊನೆಗೆ ಯಂತ್ರ ಇಟ್ಟು, ಮುಂಗಾರು ಪೂರ್ವ ಮಳೆ ಹಿಡಿದುಕೊಂಡು ಗೋಳಾಡೋರು ಬಹಳ.

ಜೀವಿವೈವಿಧ್ಯ ಅಧ್ಯಾಯದಲ್ಲಿ ಹಳೇ ವರದಿಯ ಪಟ್ಟಿಯನ್ನೇ ನಕಲು ಮಾಡೋದು ಈ ಕಸುಬಿನ ಹಳೇ ರೋಗ. ಬಯಲುಸೀಮೆಯ ಯೋಜನೆಯ ಪಟ್ಟಿಯಲ್ಲಿ ಸಿಂಗಳೀಕ ಕಂಡರೆ ಪರಿಶೀಲನಾ ಸಮಿತಿ ಅಲ್ಲೇ ಹಿಡಿಯುತ್ತೆ.

ಕನ್ನಡ ಚೆನ್ನಾಗಿ ಬರೆಯೋರಿಗೆ ಇಲ್ಲೊಂದು ಅನುಕೂಲ ಇದೆ, ಯಾರೂ ಹೇಳಲ್ಲ. ಸಾರ್ವಜನಿಕ ಅಹವಾಲಿಗೆ ಮೊದಲು ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು, ಕನಿಷ್ಠ 30 ದಿನ ಮೊದಲು ಪ್ರಕಟಣೆ ಆಗಬೇಕು. ಇಂಗ್ಲಿಷಿನಿಂದ ಯಂತ್ರ ತಿರುಗಿಸಿದ ಕನ್ನಡ ಓದಿದರೆ ಊರವರಿಗೆ ಅನುಮಾನ ಹುಟ್ಟದೆ ಇನ್ನೇನು? ಕೊಳವೆಬಾವಿ ಬತ್ತುತ್ತಾ, ಧೂಳು ಎಷ್ಟು ದೂರ ಬರುತ್ತೆ, ಲಾರಿ ದಿನಕ್ಕೆ ಎಷ್ಟು, ಇವನ್ನು ನೇರವಾಗಿ ಬರೆಯಬಲ್ಲವರು ಕಡಿಮೆ.

ಎರಡನೆಯದು ಇಂಗಾಲದ ಲೆಕ್ಕ. ಷೇರುಪೇಟೆ ನಿಯಂತ್ರಕ ಸೆಬಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ 2022–23ರಿಂದ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆ ಮತ್ತು ಸುಸ್ಥಿರತೆ) ವರದಿ ಕಡ್ಡಾಯ ಮಾಡಿದೆ. ಯುರೋಪಿನ ಗಡಿ ಇಂಗಾಲ ಸುಂಕ (ಆಮದು ಸರಕು ತಯಾರಿಸುವಾಗ ಹೊರಬಿದ್ದ ಇಂಗಾಲದ ಮೇಲಿನ ಸುಂಕ) 2023ರ ಅಕ್ಟೋಬರ್‌ನಿಂದ ವರದಿಯ ಹಂತದಲ್ಲಿತ್ತು, 2026ರ ಜನವರಿಯಿಂದ ಪೂರ್ಣ ಜಾರಿಯ ಹಂತ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಎಲ್ಲ ಅದರಡಿ ಬರ್ತವೆ, ಅಂದರೆ ಬಳ್ಳಾರಿ ಕಡೆಯ ಉಕ್ಕಿಗೂ ಅದರ ಬಿಸಿ ಇದೆ. ನಮ್ಮಲ್ಲೂ 2023ರಲ್ಲಿ ಇಂಗಾಲ ಕ್ರೆಡಿಟ್ ವ್ಯಾಪಾರ ಯೋಜನೆ ಅಧಿಸೂಚಿತವಾಗಿದೆ.

ಸರ್ಟಿಫಿಕೇಟ್ ಕೊಳ್ಳುವ ಮೊದಲು ಈ ಲೆಕ್ಕ ಕೈಯಲ್ಲಿ ಮಾಡಿ ನೋಡಿ. ಒಂದು ಕಾರ್ಖಾನೆ ವರ್ಷಕ್ಕೆ 10 ಲಕ್ಷ ಯೂನಿಟ್ ವಿದ್ಯುತ್ ಕೊಂಡಿದೆ, ಜನರೇಟರಿಗೆ 20,000 ಲೀಟರ್ ಡೀಸೆಲ್ ಸುಟ್ಟಿದೆ, ಎಸಿ ಯಂತ್ರಗಳಿಗೆ 5 ಕೆಜಿ ಆರ್-410ಎ ಅನಿಲ ಮರುತುಂಬಿಸಿದೆ. ಗ್ರಿಡ್ ವಿದ್ಯುತ್ತಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೇಳುವ ಹೊರಸೂಸುವಿಕೆ ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್, ಅಂದರೆ 700 ಟನ್. ಡೀಸೆಲ್ ಲೀಟರಿಗೆ 2.68 ಕೆಜಿ, 53.6 ಟನ್. ಆ ಐದು ಕೆಜಿ ಅನಿಲ ತೂಕದಲ್ಲಿ ಏನೂ ಅಲ್ಲ, ಆದರೆ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 2,000 ಪಟ್ಟು, ಹತ್ತು ಟನ್ನು ಆಗೋಯ್ತು. ಡೀಸೆಲ್ ಮತ್ತು ಅನಿಲ ಸ್ಕೋಪ್-1 (ಕಾರ್ಖಾನೆಯಿಂದ ನೇರವಾಗಿ ಹೊರಬಿದ್ದದ್ದು), ಕೊಂಡ ವಿದ್ಯುತ್ ಸ್ಕೋಪ್-2 (ಬೇರೆ ಕಡೆ ವಿದ್ಯುತ್ ತಯಾರಿಸುವಾಗ ಹೊರಬಿದ್ದದ್ದು).

ತಪ್ಪುಗಳೂ ಇಷ್ಟೇ ಸಾದಾ. ಕರೆಂಟ್ ಬಿಲ್ಲಿನಲ್ಲಿ ಯೂನಿಟ್ ಬದಲು ಕೆವಿಎ ಬೇಡಿಕೆಯ ಸಂಖ್ಯೆ ಎತ್ತಿಕೊಳ್ಳೋದು. ಡೀಸೆಲ್ ಕೊಂಡದ್ದನ್ನೇ ಸುಟ್ಟದ್ದು ಅಂತ ಹಿಡಿಯೋದು, ಟ್ಯಾಂಕಿನಲ್ಲಿ ಉಳಿದದ್ದು ಕಳೆಯದೆ. ಸೌರವಿದ್ಯುತ್ತಿನ ಪ್ರಮಾಣಪತ್ರ ಬೇರೆಯವರಿಗೆ ಮಾರಿ, ತಮ್ಮ ಲೆಕ್ಕದಲ್ಲೂ ಸೊನ್ನೆ ತೋರಿಸೋದು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಸುಟ್ಟ ಇಂಗಾಲವನ್ನು ಸ್ಕೋಪ್-1ರ ಮೊತ್ತಕ್ಕೆ ಸೇರಿಸೋದು. ಅದು ಜೈವಿಕ ಮೂಲದ್ದು, ಬೇರೆ ಸಾಲಿನಲ್ಲಿ ತೋರಿಸಬೇಕು. ಆದರೆ ಅದೇ ಬಾಯ್ಲರಿನ ಮೀಥೇನ್, ನೈಟ್ರಸ್ ಆಕ್ಸೈಡ್ ಮಾತ್ರ ಸ್ಕೋಪ್-1ಕ್ಕೇ ಬರ್ತವೆ. ಇಲ್ಲಿ ತಡಬಡಾಯಿಸದವರನ್ನು ಯಾರೂ ಸರ್ಟಿಫಿಕೇಟ್ ಕೇಳಲ್ಲ. ಮೂರು ತಿಂಗಳ ಆ ಕೋರ್ಸುಗಳಲ್ಲಿ ಇದನ್ನೆಲ್ಲ ಸ್ಲೈಡಿನಲ್ಲಿ ತೋರಿಸ್ತಾರೆ, ಬಿಲ್ಲು ಕೈಗೆ ಕೊಡಲ್ಲ. ಬೆಲೆ ಇರುವ ಪರೀಕ್ಷೆ ಬೇಕಾದರೆ ಬಿಇಇ (ಕೇಂದ್ರದ ಇಂಧನ ದಕ್ಷತಾ ಸಂಸ್ಥೆ) ನಡೆಸುವ ಎನರ್ಜಿ ಆಡಿಟರ್ ಪರೀಕ್ಷೆ, ನಾಲ್ಕು ಪತ್ರಿಕೆ. ಆದರೆ ಅದಕ್ಕೆ ಪದವಿಯ ಜೊತೆ ಅನುಭವದ ವರ್ಷಗಳೂ ಬೇಕು, ಈಗಲೇ ಆಗಲ್ಲ.

ರಾಜ್ಯಪತ್ರ ಉತ್ತರಿಸಿದ್ದು:

ನೀತಿಯ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಿಲ್ಲ. ಕಾನೂನು ಪದವಿ ಕಡ್ಡಾಯವಲ್ಲ, ಆದರೆ ಕಾನೂನು ಓದೋ ಅಭ್ಯಾಸ ಕಡ್ಡಾಯ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, ಇವುಗಳ ಮೂಲಪಾಠ ಓದಿ. ಪತ್ರಿಕೆಯ ವರದಿ ಓದಿ ನೀತಿ ಟಿಪ್ಪಣಿ ಬರೆಯೋರು ಮೊದಲ ಸಭೆಯಲ್ಲೇ ಸಿಕ್ಕಿಬೀಳ್ತಾರೆ.

ಅಭ್ಯಾಸಕ್ಕೆ ನಿಮ್ಮ ಊರಿನ ಪಕ್ಕದ್ದೇ ಒಂದು ವಿಷಯ ಇದೆ: ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ. ಗಾಡ್ಗೀಳ್ ಸಮಿತಿ 2011ರಲ್ಲಿ ಇಡೀ ಘಟ್ಟವನ್ನು ಮೂರು ವಲಯವಾಗಿ ವಿಂಗಡಿಸಿತು. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಸುಮಾರು 37 ಶೇಕಡಾಕ್ಕೆ ಇಳಿಸಿತು. ಕೇಂದ್ರ ಕರಡು ಮೇಲೆ ಕರಡು ಹೊರಡಿಸಿ, ಆರನೆಯದು ಬಂದದ್ದು 2024ರ ಜುಲೈ 31ರಂದು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, ಆರು ರಾಜ್ಯಗಳಲ್ಲಿ ಅತಿ ಹೆಚ್ಚು. ಈಗ ಮಾಡಬೇಕಾದ್ದು: ಆ ಕರಡಿನ ಹಳ್ಳಿಪಟ್ಟಿಯಿಂದ ಒಂದು ತಾಲ್ಲೂಕು ಎತ್ತಿಕೊಳ್ಳಿ, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಗ್ರಾಮದ ಗಡಿಗಳ ಮೇಲೆ ಭೂಬಳಕೆ ಹಾಕಿ. ನಿಷೇಧ ಆಗೋದು ಯಾವುದು ಅಂತ ಕರಡಿನಲ್ಲೇ ಓದಿ: ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣವಿದ್ಯುತ್, ಕೆಂಪು ವರ್ಗದ ಹೊಸ ಉದ್ಯಮ, 20,000 ಚದರ ಮೀಟರ್ ಮತ್ತು ಮೇಲಿನ ಕಟ್ಟಡ. ಅಡಿಕೆ ತೋಟ ಆ ಪಟ್ಟಿಯಲ್ಲಿಲ್ಲ. ಆದರೂ ವಿರೋಧ ಯಾಕೆ ಬಂತು? ಕರಡಿನಲ್ಲಿ ಬರೆದಿಲ್ಲದ ಯಾವ ಭಯ ಅದರ ಹಿಂದಿದೆ, ಹಕ್ಕುಪತ್ರದ್ದೋ, ಬಗರ್‌ಹುಕುಂದೋ, ಅರಣ್ಯ ಇಲಾಖೆಯ ಮೇಲಿನ ಹಳೇ ಅಪನಂಬಿಕೆಯೋ? ಕರಡಿನಲ್ಲಿರೋ ನಿಷೇಧ, ಜನರ ಭಯ ಈ ಎರಡನ್ನೂ ಎರಡೇ ಪುಟದಲ್ಲಿ ಬರೆಯಿರಿ. ಸಂಶೋಧನಾ ಸಂಸ್ಥೆಗಳ ಬರವಣಿಗೆ ಪರೀಕ್ಷೆ ಹೆಚ್ಚುಕಡಿಮೆ ಇದೇ ಥರ ಇರುತ್ತೆ. ಹತ್ತು ಪುಟ ಬರೆಯೋದು ಸುಲಭ, ಎರಡರಲ್ಲಿ ಹಿಡಿಸೋದೇ ಕಷ್ಟ.

ಇಂಥ ನೀತಿ ಸಂಶೋಧನೆ ಮಾಡುವ ಸಂಸ್ಥೆಗಳು ಬೆಂಗಳೂರಿನಲ್ಲೇ ಏಟ್ರೀ, ಸಿ-ಸ್ಟೆಪ್, ಐಐಎಚ್‌ಎಸ್, ರಾಜ್ಯ ಸರ್ಕಾರದ ಎಂಪ್ರಿ ಇವೆ. ಏಟ್ರೀಯಲ್ಲಿ ಪಿಎಚ್‌ಡಿಯೂ ಇದೆ. ಯಲಹಂಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನು ಮರೀಬೇಡಿ, 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾದದ್ದು. ಅದರ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟಕ್ಕೆ ಇಳಿದಿವೆ. ಮೋಡಬಿತ್ತನೆಯವರು ಹೇಳಿದ 27 ಕಿಲೋಮೀಟರ್ ಚೌಕದ ಸಮಸ್ಯೆಗೆ ಅಲ್ಲಿನ ಲೆಕ್ಕವೇ ಒಳ್ಳೇ ತಾಳೆ. ದೆಹಲಿಗೆ ಹೋಗೋಕೆ ತಯಾರಿದ್ದರೆ ಸಿಇಇಡಬ್ಲ್ಯು, ಸಿಎಸ್‌ಇ, ಟೆರಿ. ಇವೆಲ್ಲ ಕಡೆ ಹುದ್ದೆಗಳು ಹೆಚ್ಚಾಗಿ ಯೋಜನೆಯ ಅನುದಾನಕ್ಕೆ ಕಟ್ಟಿಕೊಂಡಿರ್ತವೆ. ಆಫರ್ ಬಂದಾಗ ಅನುದಾನ ಎಷ್ಟು ತಿಂಗಳದ್ದು ಅಂತ ಕೇಳೋದಕ್ಕೆ ಸಂಕೋಚ ಬೇಡ.

ವಕಾಲತ್ತೇ ಬೇಕು ಅನ್ನಿಸಿದರೆ ಪದವಿ ಆದಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ಅಲ್ಲಿ ಪ್ರಕರಣಗಳು ಸೋಲೋದು ವಿಜ್ಞಾನದಲ್ಲಿ ಅಲ್ಲ, ತಾರೀಕಿನಲ್ಲಿ: ಪರಿಸರ ಅನುಮೋದನೆ ವಿರುದ್ಧ ಮೇಲ್ಮನವಿಗೆ 30 ದಿನ, ಸಕಾರಣ ಇದ್ದರೆ ಇನ್ನು 60 ದಿನ, ಅಲ್ಲಿಗೆ ಮುಗೀತು. 91ನೇ ದಿನ ಎಷ್ಟು ಗಟ್ಟಿ ಪುರಾವೆ ತಂದರೂ ಕೇಳಲ್ಲ. ಈ ದಿನ ಲೆಕ್ಕ ಹಾಕುವ ಕೆಲಸಕ್ಕೂ ವಿಜ್ಞಾನ ಗೊತ್ತಿರೋ ವಕೀಲರು ಬೇಕು.

ಹೊಗೆಕೊಳವೆಯವರ ಒಂದು ಮಾತಿಗೆ ಮಾತ್ರ ನನ್ನ ತಕರಾರು. ಕಂಪನಿಯ ಇಂಗಾಲದ ಲೆಕ್ಕವನ್ನೇ ಮೊದಲ ಕೆಲಸ ಮಾಡಿಕೊಂಡರೆ ಎರಡು ವರ್ಷದಲ್ಲಿ ಎಕ್ಸೆಲ್ ಬಿಟ್ಟು ಬೇರೆ ಮರೆತುಹೋಗುತ್ತೆ. ದುಡ್ಡಿನ ತುರ್ತಿದ್ದರೆ ಸರಿ. ಇಲ್ಲವಾದರೆ ಎಂಎಸ್ಸಿ ಮುಗಿಸಿಯೇ ಹೋಗಲಿ.

ಹೊಗೆಕೊಳವೆ:

ಒಪ್ಪಿದೆ. ಆದರೆ ಮನೆಯಲ್ಲಿ ಸಾಲ ಇರೋ ಹುಡುಗರಿಗೆ ಆ ಎರಡು ವರ್ಷ ಯಾರು ಕೊಡ್ತಾರೆ? ಕೆಲಸದಲ್ಲಿದ್ದೇ ಗೇಟ್ ಬರೆದು ಹೊರಟವರೂ ಇದ್ದಾರೆ.

ತುಂಗಾತೀರ:

ಎಲ್ಲರಿಗೂ ಥ್ಯಾಂಕ್ಸ್ ಸರ್. ಜಾಮ್ ಬರೆಯೋದು ಅಂತ ನಿರ್ಧರಿಸಿದೆ. ಮಳೆ ದತ್ತಾಂಶ ಇಳಿಸಿಕೊಂಡೆ, ಫೈಲ್ ಗಾತ್ರ ನೀವು ಹೇಳಿದಷ್ಟೇ ಇದೆ, 2020ರದು ಮಾತ್ರ 2,54,95,560. ಒಂದು ಚೌಕ ಸರಿ ಬಂತು. ಆದರೆ ಕರಾವಳಿ ಪೂರ್ತಿ ಸೇರಿಸಿ ಸರಾಸರಿ ತೆಗೆದರೆ ಜುಲೈ ಮಳೆ ಮೈನಸ್ ಬರ್ತಿದೆ!

ಮೋಡಬಿತ್ತನೆ:

2020 ಅಧಿಕ ವರ್ಷ, ಒಂದು ದಿನ ಹೆಚ್ಚು, ಅದು ಸರಿಯಾಗೇ ಇದೆ. ಮೈನಸ್ ಬಂದದ್ದು ಸಮುದ್ರದಿಂದ. ದತ್ತಾಂಶ ಇಲ್ಲದ ಚೌಕಗಳಿಗೆ -999 ಅಂತ ತುಂಬಿರ್ತಾರೆ, ನೀವು ಅರಬ್ಬೀ ಸಮುದ್ರವನ್ನೂ ಸರಾಸರಿಗೆ ಸೇರಿಸಿದ್ದೀರಿ. ಓದಿದ ಕೂಡಲೇ ಸೊನ್ನೆಗಿಂತ ಕಡಿಮೆ ಇರೋದನ್ನೆಲ್ಲ ಖಾಲಿ ಮಾಡಿ. ಅದಾದಮೇಲೆ ಇನ್ನೊಂದು ಗುಂಡಿ ಕಾದಿದೆ: ಎಕ್ಸ್‌ಅರೇಯಲ್ಲಿ ಮೊತ್ತ ತೆಗೆದರೆ ಖಾಲಿ ಚೌಕದ ಮೊತ್ತ ಸೊನ್ನೆ ಅಂತ ಬರುತ್ತೆ, ಸಮುದ್ರದಲ್ಲಿ ಮಳೆಯೇ ಇಲ್ಲ ಅನ್ನೋ ಹಾಗೆ. ಆಗ ಕರಾವಳಿಯ ಸರಾಸರಿ ಮೈನಸ್ ಆಗಲ್ಲ, ಸುಮ್ಮನೆ ಕಡಿಮೆ ಆಗುತ್ತೆ, ಗೊತ್ತೂ ಆಗಲ್ಲ. ಮೊತ್ತ ತೆಗೆಯುವಾಗ ಮಿನ್-ಕೌಂಟ್ (ಕನಿಷ್ಠ ಎಷ್ಟು ನಿಜವಾದ ಸಂಖ್ಯೆ ಇರಬೇಕು ಅನ್ನೋದು) ಒಂದು ಅಂತ ಕೊಡಿ. ಕೊಟ್ಟಮೇಲೆ ನಕ್ಷೆ ಬಿಡಿಸಿ ನೋಡಿ, ಸಮುದ್ರ ಬಿಳಿ ಇದ್ದರೆ ಸರಿಯಾಗಿದೆ.